ಮುಂದಕ್ಕೆ ಸರಿದ ಚಕ್ರಗಳು: 1965ರ ನಿರಾಕರಣೆಯಿಂದ ಫನ್ನಿ ಕಾರ್ ವಿಭಾಗದವರೆಗೆ, ಒಂದು ಪ್ರಕರಣ ಅಧ್ಯಯನ

1965ರ ಆರಂಭದಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಡ್ರ್ಯಾಗ್ ರೇಸಿಗೆಂದೇ, ಅಂದರೆ ಎರಡೆರಡು ಕಾರುಗಳು ಚಿಕ್ಕದೊಂದು ನೇರ ಹಾದಿಯಲ್ಲಿ ಓಡುವ ಸ್ಪರ್ಧೆಗೆಂದೇ, ಡಾಡ್ಜ್ ಮತ್ತು ಪ್ಲಿಮತ್ ಹೆಸರಿನ ಒಂದು ಡಜನ್‌ನಷ್ಟು ಕಾರುಗಳನ್ನು ಸಿದ್ಧಪಡಿಸಿ ತನ್ನ ಆಯ್ದ ಚಾಲಕರ ಕೈಗೆ ಕೊಟ್ಟಿತು. ದೂರದಿಂದ ನೋಡಿದವರಿಗೆ ಅವು ಷೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಎರಡು ಬಾಗಿಲಿನ ಸಾಧಾರಣ ಕಾರುಗಳೇ ಆಗಿದ್ದವು. ಹತ್ತಿರ ಬಂದಾಗ ಮಾತ್ರ ಕಣ್ಣಿಗೆ ಏನೋ ಇರುಸುಮುರುಸಾಗುತ್ತಿತ್ತು. ಹಿಂದಿನ ಚಕ್ರಗಳು ಇರಬೇಕಾದ ಜಾಗಕ್ಕಿಂತ 15 ಇಂಚು ಮುಂದೆ, ಹೆಚ್ಚುಕಡಿಮೆ ಬಾಗಿಲಿನ ಅಂಚಿಗೇ ಬಂದು ಕುಳಿತಿದ್ದವು. ಮುಂದಿನ ಚಕ್ರಗಳು 10 ಇಂಚು ಮುಂದಕ್ಕೆ ಸರಿದು ಬಂಪರಿನ ಬೆನ್ನಿಗೆ ಅಂಟಿಕೊಂಡಂತಿದ್ದವು. ಯಾರೋ ಕಾರಿನ ಬಾಡಿಯನ್ನು ಎತ್ತಿ, ಚಕ್ರಗಳ ಮೇಲೆ ಮತ್ತೆ ಇಳಿಸುವಾಗ ಕೈ ಜಾರಿ ಒಂದು ಗೇಣು ಹಿಂದಕ್ಕೆ ಇಟ್ಟುಬಿಟ್ಟಂತೆ ಅವು ಕಾಣುತ್ತಿದ್ದವು.

ಡ್ರ್ಯಾಗ್ ರೇಸಿನ ಅತಿದೊಡ್ಡ ಆಡಳಿತ ಸಂಸ್ಥೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ, ಈ ಕಾರುಗಳು ಯಾವ ವಿಭಾಗಕ್ಕಾಗಿ ತಯಾರಾಗಿದ್ದವೋ ಅದೇ ವಿಭಾಗದಿಂದ ಅವನ್ನು ಹೊರಗಿಟ್ಟಿತು. ನಾಲ್ಕು ವರ್ಷಗಳ ನಂತರ, 1969ರಲ್ಲಿ, ಅದೇ ಸಂಸ್ಥೆ ಫನ್ನಿ ಕಾರ್ ಎಂದು ಹೆಸರಾಗಿದ್ದ ಅವುಗಳ ವಂಶದ ಕಾರುಗಳಿಗೆ ಪ್ರತ್ಯೇಕ ವಿಭಾಗವನ್ನೂ ಪ್ರತ್ಯೇಕ ಪ್ರಶಸ್ತಿಯನ್ನೂ ಕೊಟ್ಟಿತು. ಈ ನಡುವಿನ ನಾಲ್ಕು ವರ್ಷಗಳೇ ಇಲ್ಲಿನ ಪ್ರಕರಣ. 1965ರ ನಿರಾಕರಣೆ ನಿಯಮದ ದೃಷ್ಟಿಯಿಂದ ಸರಿಯಾಗಿಯೇ ಇತ್ತೆಂದು ನಾನು ಭಾವಿಸುತ್ತೇನೆ. ಆದರೆ ಹೊರಗಿಟ್ಟ ಕಾರುಗಳು ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಓಡಬೇಕು ಎಂಬ ಪ್ರಶ್ನೆಗೆ ಸಂಸ್ಥೆಯ ಬಳಿ ಉತ್ತರವಿರಲಿಲ್ಲ, ಮತ್ತು ಆ ಖಾಲಿ ಜಾಗವನ್ನು ತುಂಬಿದವರು ಟಿಕೆಟ್ ಮಾರುವವರು.

ವಿಭಾಗ ಎಂಬ ಕಟ್ಟು

ಎನ್‌ಎಚ್‌ಆರ್‌ಎ ಹುಟ್ಟಿದ್ದು 1951ರಲ್ಲಿ. ಅದನ್ನು ಕಟ್ಟಿದ ವಾಲಿ ಪಾರ್ಕ್ಸ್ ಆಗ ಹಾಟ್ ರಾಡ್ ಪತ್ರಿಕೆಯ ಸಂಪಾದಕರಾಗಿದ್ದರು. ಬೀದಿಗಳಲ್ಲಿ ಓಡುತ್ತಿದ್ದ ಹುಡುಗರನ್ನು ಕಾಲು ಮೈಲಿಯ, ಅಂದರೆ ಸುಮಾರು 402 ಮೀಟರಿನ, ನೇರ ಹಾದಿಗೆ ತಂದು, ತಪಾಸಣೆ, ಸಮಯಮಾಪಕ, ನಿಯಮಪುಸ್ತಕ ಇವುಗಳ ಶಿಸ್ತಿಗೆ ಒಳಪಡಿಸುವುದು ಅವರ ಉದ್ದೇಶವಾಗಿತ್ತು. ಅದರ ದೊಡ್ಡ ವಾರ್ಷಿಕ ಕೂಟವಾದ ನ್ಯಾಷನಲ್ಸ್ ಮೊದಲ ಬಾರಿಗೆ 1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ನಡೆಯಿತು. 1961ರಿಂದ ಅದು ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯಾಯಿತು.

ಈ ಶಿಸ್ತಿನ ಬೆನ್ನೆಲುಬು ಎಂದರೆ ವಿಭಾಗಗಳು. ಕಾರಿನ ತೂಕಕ್ಕೂ ಎಂಜಿನ್ನಿನ ಸಾಮರ್ಥ್ಯಕ್ಕೂ ಇರುವ ಅನುಪಾತವನ್ನು ಲೆಕ್ಕ ಹಾಕಿ ಕಾರುಗಳನ್ನು ಎ, ಬಿ, ಸಿ ಎಂದು ಅಕ್ಷರಗಳ ಕೆಳಗೆ ಹಂಚಲಾಗುತ್ತಿತ್ತು. ಹೆಂಡತಿ ಮಕ್ಕಳೊಂದಿಗೆ ಅದೇ ಕಾರಿನಲ್ಲಿ ಬಂದು, ಹಿಂದಿನ ಸೀಟಿನ ಸಾಮಾನು ಇಳಿಸಿ ಓಡಿಸಿ, ಸಂಜೆ ಅದರಲ್ಲೇ ಮನೆಗೆ ಮರಳುವ ಸ್ಟಾಕ್, ಅಂದರೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರುಗಳ, ವಿಭಾಗದ ಸ್ಪರ್ಧಿಗೂ ಒಂದು ಟ್ರೋಫಿ ಗೆಲ್ಲುವ ಅವಕಾಶ ಇದರಿಂದ ದೊರೆಯುತ್ತಿತ್ತು. ಬೇರೆ ಬೇರೆ ವಿಭಾಗಗಳಲ್ಲಿ ಗೆದ್ದವರು ಅಂತಿಮ ಸುತ್ತುಗಳಲ್ಲಿ ಎದುರಾದಾಗ ನಿಧಾನದ ಕಾರಿಗೆ ಮೊದಲು ಹಸಿರು ದೀಪ, ವೇಗದ ಕಾರಿಗೆ ಆಮೇಲೆ; ಎರಡು ವಿಭಾಗಗಳ ದಾಖಲೆ ಸಮಯಗಳ ಅಂತರವೇ ಈ ಮುಂಗಡ. ನ್ಯಾಯವಾದ ಏರ್ಪಾಡು. ಆದರೆ ಹತ್ತಿಪ್ಪತ್ತು ಮೈಲಿ ದೂರದಿಂದ ಬಂದು ಕಟ್ಟೆಯ ಮೇಲೆ ಕುಳಿತ ಪ್ರೇಕ್ಷಕನಿಗೆ ಒಂದು ಕಾರು ಮೊದಲೇ ಏಕೆ ಹೊರಟಿತು, ಹಿಂದಿನಿಂದ ಬಂದ ಇನ್ನೊಂದು ಕಾರು ಅಷ್ಟು ವೇಗವಾಗಿ ಓಡಿಯೂ ಏಕೆ ಸೋತಿತು ಎಂಬುದನ್ನು ಪ್ರತಿ ಓಟಕ್ಕೂ ಬಿಡಿಸಿ ಹೇಳಬೇಕಾಗುತ್ತಿತ್ತು. ಸಾಂಪ್ರದಾಯಿಕ ವಿಭಾಗಗಳ ಈ ದೌರ್ಬಲ್ಯವನ್ನು ಇಲ್ಲಿ ಗಮನಿಸಿ ಇಟ್ಟುಕೊಳ್ಳಬೇಕು. ಮುಂದೆ ನಡೆದುದಕ್ಕೆಲ್ಲ ಇದು ಒಂದು ಮುಖ್ಯ ಕಾರಣ.

1960ರ ದಶಕದ ಆರಂಭದಲ್ಲಿ ಡೆಟ್ರಾಯ್ಟ್‌ನ ಕಾರು ಕಂಪನಿಗಳು ಈ ಆಟಕ್ಕೆ ನೇರವಾಗಿ ಇಳಿದಾಗ ಎನ್‌ಎಚ್‌ಆರ್‌ಎ ಅವುಗಳಿಗಾಗಿ 1962ರಲ್ಲಿ ಫ್ಯಾಕ್ಟರಿ ಎಕ್ಸ್‌ಪೆರಿಮೆಂಟಲ್ ಎಂಬ ವಿಭಾಗವನ್ನು ತೆರೆಯಿತು. ಕಂಪನಿಯದೇ ಬಿಡಿಭಾಗಗಳಾಗಿದ್ದರೆ ಸಾಕು, ಅವು ಆ ಮಾದರಿಯ ಕಾರಿನಲ್ಲಿ ಮಾರಾಟಕ್ಕೆ ಇರಬೇಕೆಂದೇನೂ ಇರಲಿಲ್ಲ. ದೊಡ್ಡ ಕಾರಿನ ಎಂಜಿನ್ ಸಣ್ಣ ಕಾರಿಗೆ ಬರಬಹುದಿತ್ತು. ಜನರಲ್ ಮೋಟಾರ್ಸ್ 1963ರ ಜನವರಿಯಲ್ಲಿ ಸ್ಪರ್ಧೆಗಳಿಂದ ಅಧಿಕೃತವಾಗಿ ಹಿಂದೆ ಸರಿದ ಮೇಲೆ ಕಣದಲ್ಲಿ ಉಳಿದ ದೊಡ್ಡ ಎದುರಾಳಿಗಳು ಎರಡೇ: ಫೋರ್ಡ್ ಮತ್ತು ಕ್ರೈಸ್ಲರ್. 1964ರಲ್ಲಿ ಫೋರ್ಡ್ ತನ್ನ ಫೇರ್‌ಲೇನ್ ಕಾರಿಗೆ 427 ಘನ ಇಂಚಿನ ಎಂಜಿನ್ ಕೂರಿಸಿ ಥಂಡರ್‌ಬೋಲ್ಟ್ ಮಾಡಿತು. ಕ್ರೈಸ್ಲರ್ 426 ಘನ ಇಂಚಿನ ಹೆಮಿ, ಅಂದರೆ ಅರ್ಧಗೋಳಾಕಾರದ ದಹನಕೋಣೆಗಳ, ಎಂಜಿನ್ ತಂದಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದ ವಿಷಯಕ್ಕೆ ಬಂದಾಗ ಮಾತ್ರ ನಿಯಮ ಬಿಗಿಯಾಗಿತ್ತು. ಶೇ 2ರಷ್ಟು ವ್ಯತ್ಯಾಸಕ್ಕೆ ಅವಕಾಶ, ಅಂದರೆ 115 ಇಂಚಿನ ಕಾರಿಗೆ ಎರಡೂಕಾಲು ಇಂಚಿನಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಹದಿನೈದು ಇಂಚಿನ ಲೆಕ್ಕ

ಎರಡೂಕಾಲು ಇಂಚಿಗೆ ತೃಪ್ತಿಪಡದೆ ಕ್ರೈಸ್ಲರ್ ಎಂಜಿನಿಯರರು ಹದಿನೈದು ಇಂಚಿಗೆ ಕೈ ಹಾಕಿದ್ದು ತಮಾಷೆಗಲ್ಲ. ಅಂದಿನ ರೇಸಿಂಗ್ ಟೈರುಗಳು ಕಿರಿದಾಗಿದ್ದವು, ಹೆಮಿ ಎಂಜಿನ್ನಿನ ಬಲವನ್ನು ರಸ್ತೆಗೆ ಇಳಿಸುವ ಹಿಡಿತ ಅವಕ್ಕಿರಲಿಲ್ಲ. ಕಾಲು ಮೈಲಿಯ ಓಟದಲ್ಲಿ ಮೊದಲ ಇಪ್ಪತ್ತು ಮೂವತ್ತು ಅಡಿಗಳಲ್ಲಿ ಚಕ್ರ ಸುಮ್ಮನೆ ತಿರುಗಿ ಹೊಗೆಯೆದ್ದರೆ ಆ ನಷ್ಟವನ್ನು ಮುಂದೆ ತುಂಬಿಕೊಳ್ಳಲಾಗುವುದಿಲ್ಲ. ಹಿಡಿತ ಹೆಚ್ಚಬೇಕಾದರೆ ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚಬೇಕು. ಮುಂದೆ ಎಂಜಿನ್ ಇರುವ ಕಾರಿನಲ್ಲಿ ಸಹಜವಾಗಿಯೇ ಮುಂದಿನ ಚಕ್ರಗಳ ಮೇಲೆ ಭಾರ ಹೆಚ್ಚು. ಶೇ 55 ಮುಂದೆ, ಶೇ 45 ಹಿಂದೆ ಎಂದು ಇಟ್ಟುಕೊಳ್ಳೋಣ. ಅಂಥ 115 ಇಂಚಿನ ಕಾರಿನ ತೂಕದ ಕೇಂದ್ರ ಹಿಂದಿನ ಆಕ್ಸಲಿನಿಂದ ಸುಮಾರು 63 ಇಂಚು ಮುಂದಿರುತ್ತದೆ. ಆಕ್ಸಲನ್ನೇ 15 ಇಂಚು ಮುಂದಕ್ಕೆ ತಂದರೆ ಆ ಅಂತರ 48 ಇಂಚಿಗೆ ಇಳಿಯುತ್ತದೆ. ಮುಂದಿನ ಆಕ್ಸಲ್ 10 ಇಂಚು ಸರಿದಿರುವುದರಿಂದ ಎರಡು ಆಕ್ಸಲುಗಳ ನಡುವಿನ ಅಂತರ ಈಗ 110 ಇಂಚು. ಹಾಗಾದರೆ ಮುಂದಿನ ಚಕ್ರಗಳ ಪಾಲು ಶೇ 44, ಹಿಂದಿನವುಗಳದು ಶೇ 56. ಒಂದು ಕಿಲೋ ಹೆಚ್ಚಿಸದೆ, ಒಂದು ಅಶ್ವಶಕ್ತಿ ಸೇರಿಸದೆ, ಭಾರದ ತಕ್ಕಡಿ ತಲೆಕೆಳಗಾಯಿತು. ಇದು ಸ್ಥೂಲ ಲೆಕ್ಕವಾದರೂ ಈ ಕಾರುಗಳ ಜಾಣತನವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಇದರ ಜೊತೆಗೆ ಬಾಡಿಯನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ಉಕ್ಕಿನ ತಗಡನ್ನು ತೆಳ್ಳಗೆ ಮಾಡಿದ್ದರು. ಬಾನೆಟ್, ಬಾಗಿಲು, ಫೆಂಡರುಗಳು ಫೈಬರ್‌ಗ್ಲಾಸಿನವಾಗಿದ್ದವು.

ಈಗ ನಿಯಮಪುಸ್ತಕ ಹಿಡಿದು ನಿಂತ ತಪಾಸಕನ ಜಾಗದಲ್ಲಿ ನಿಂತು ನೋಡಬೇಕು. ಫ್ಯಾಕ್ಟರಿ ಎಕ್ಸ್‌ಪೆರಿಮೆಂಟಲ್ ವಿಭಾಗದ ತೂಕ ಮತ್ತು ಎಂಜಿನ್ ಗಾತ್ರದ ಮಿತಿಗಳನ್ನು ಈ ಕಾರುಗಳು ಹೇಗೋ ಪಾಲಿಸುತ್ತಿದ್ದವು ಎಂದುಕೊಂಡರೂ, ಕಾರಿನ ಮೂಲ ವಿನ್ಯಾಸ ಎಂಬ, ಆ ವಿಭಾಗಕ್ಕೆ ಅರ್ಥ ಕೊಡುವ ಒಂದೇ ಒಂದು ಆಧಾರವನ್ನು ಅವು ಮುರಿದಿದ್ದವು. ಚಕ್ರಗಳನ್ನು ಎಲ್ಲಿ ಬೇಕಾದರೂ ಇಡಬಹುದೆಂದರೆ ಉಳಿದ ಕಾರನ್ನು ಕಾರ್ಖಾನೆಯದೆಂದು ಕರೆಯುವುದು ಯಾವ ಲೆಕ್ಕದಲ್ಲಿ? ನಿರಾಕರಣೆಯನ್ನು ಹಳಬರ ಹಟ ಎಂದು ಬರೆಯುವವರು ಈ ಪ್ರಶ್ನೆಯನ್ನು ಎದುರಿಸುವುದಿಲ್ಲ. 1965ರಲ್ಲಿ ಫೋರ್ಡ್ ಅದೇ ವಿಭಾಗಕ್ಕೆ ಮಸ್ಟಾಂಗ್ ಕಾರುಗಳನ್ನು ತಂದಿತ್ತು. ಅವುಗಳಲ್ಲಿ 427 ಘನ ಇಂಚಿನ ಹೊಸ ಓವರ್‌ಹೆಡ್ ಕ್ಯಾಮ್ ಎಂಜಿನ್ ಇತ್ತು, ಆದರೆ ಚಕ್ರಗಳು ನಿಯಮದೊಳಗೇ ಇದ್ದವು. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಎನ್‌ಎಚ್‌ಆರ್‌ಎ ನಡೆಸುತ್ತಿದ್ದ ಚಳಿಗಾಲದ ಕೂಟವಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಟಾಸ್ಕಾ ಫೋರ್ಡ್ ತಂಡದ ಬಿಲ್ ಲಾಟನ್ ಅಂಥದೊಂದು ಮಸ್ಟಾಂಗಿನಲ್ಲಿ ಗೆದ್ದರು. ನಿಯಮ ಪಾಲಿಸಿ ಬಂದವರ ಎದುರಿಗೆ ಹದಿನೈದು ಇಂಚಿನ ವಿನಾಯಿತಿ ಕೊಟ್ಟಿದ್ದರೆ ಅದು ಬೇರೆಯೇ ಅನ್ಯಾಯವಾಗುತ್ತಿತ್ತು.

ಕ್ರೈಸ್ಲರ್ ಕೂಡ ಇದನ್ನು ಚೆನ್ನಾಗಿ ಬಲ್ಲದಾಗಿತ್ತು. ಅದೇ ವರ್ಷ ಕಂಪನಿ ಸೂಪರ್ ಸ್ಟಾಕ್ ವಿಭಾಗಕ್ಕೆಂದು ಎ990 ಎಂಬ ಸಂಕೇತದ ಹೆಮಿ ಕಾರುಗಳನ್ನು, ಡಾಡ್ಜ್ ನೂರರಷ್ಟು, ಪ್ಲಿಮತ್ ನೂರರಷ್ಟು, ನಿಯಮಕ್ಕೆ ತಕ್ಕಂತೆ ತಯಾರಿಸಿ ಮಾರಿತ್ತು. ಅವುಗಳಲ್ಲೊಂದಾದ ಬ್ಲ್ಯಾಕ್ ಆ್ಯರೋ ಎಂಬ ಪ್ಲಿಮತ್ತಿನೊಂದಿಗೆ ಬಿಲ್ ಜೆಂಕಿನ್ಸ್ ಅದೇ ವಿಂಟರ್‌ನ್ಯಾಷನಲ್ಸ್‌ನಲ್ಲಿ ಸ್ಟಾಕ್ ಕಾರುಗಳ ಪ್ರಶಸ್ತಿ ಗೆದ್ದರು. ಒಂದು ಕಾಲು ನಿಯಮದ ದೋಣಿಯಲ್ಲಿ, ಇನ್ನೊಂದು ಕಾಲು ಪ್ರದರ್ಶನದ ದೋಣಿಯಲ್ಲಿ. ಎರಡು ದೋಣಿಯ ಮೇಲೆ ಕಾಲಿಟ್ಟವರು ಸಾಮಾನ್ಯವಾಗಿ ಮುಳುಗುತ್ತಾರೆನ್ನುತ್ತಾರೆ. ಈ ಸಲ ಹಾಗಾಗಲಿಲ್ಲ.

ಬೇಲಿಯ ಹೊರಗೆ

ಹೊರಗಿಟ್ಟ ಕಾರುಗಳಿಗೆ ಹೋಗಲು ಜಾಗವಿತ್ತು. ಜಿಮ್ ಟೈಸ್ ನಡೆಸುತ್ತಿದ್ದ ಪ್ರತಿಸ್ಪರ್ಧಿ ಸಂಸ್ಥೆ ಅಮೆರಿಕನ್ ಹಾಟ್ ರಾಡ್ ಅಸೋಸಿಯೇಷನ್ ಅರಿಜೋನಾದ ಬೀಲೈನ್ ಟ್ರ್ಯಾಕಿನ ತನ್ನ ಚಳಿಗಾಲದ ಕೂಟಕ್ಕೆ ಅವನ್ನು ಬರಮಾಡಿಕೊಂಡಿತು. ಆದರೆ ನಿಜವಾದ ಮಾರುಕಟ್ಟೆ ಯಾವ ಸಂಸ್ಥೆಯದೂ ಆಗಿರಲಿಲ್ಲ. ಅದು ಮ್ಯಾಚ್ ರೇಸ್ ಎಂದು ಕರೆಯಲಾಗುತ್ತಿದ್ದ, ಇಬ್ಬರು ಹೆಸರಾಂತ ಚಾಲಕರನ್ನು ಹಣ ಕೊಟ್ಟು ಕರೆಸಿ ಮೂರು ಅಥವಾ ಐದು ಓಟಗಳಲ್ಲಿ ಎದುರುಬದುರು ನಿಲ್ಲಿಸುವ ಪದ್ಧತಿ. ಟ್ರ್ಯಾಕಿನ ಮಾಲೀಕ ರೇಡಿಯೊದಲ್ಲಿ ಜಾಹೀರಾತು ಹಾಕುತ್ತಾನೆ, ಜನ ಬರುತ್ತಾರೆ, ಚಾಲಕ ಗೆದ್ದರೂ ಸೋತರೂ ಒಪ್ಪಿದ ಹಣ ಸಿಗುತ್ತದೆ. ಇಲ್ಲಿ ಮುಂಗಡ ದೀಪವಿಲ್ಲ, ಅನುಪಾತದ ಲೆಕ್ಕವಿಲ್ಲ. ಇಬ್ಬರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಬಂದವನು ಗೆದ್ದ. ಕಟ್ಟೆಯ ಮೇಲಿನ ಪ್ರೇಕ್ಷಕನಿಗೆ ಏನನ್ನೂ ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ಈ ಕಾರುಗಳು ಉದ್ದನೆಯ ಕೊಳವೆಯಂತಿದ್ದ ಡ್ರ್ಯಾಗ್‌ಸ್ಟರುಗಳಲ್ಲ. ನೋಡುವವನು ತಾನೇ ಓಡಿಸಿಕೊಂಡು ಬಂದ ಡಾಡ್ಜ್, ಪ್ಲಿಮತ್, ಮರ್ಕ್ಯುರಿಗಳ ಮುಖ ಅವಕ್ಕಿತ್ತು. ಆ ಮುಖದ ಕಾರು ಮುಂದಿನ ಚಕ್ರಗಳನ್ನು ಗಾಳಿಗೆತ್ತಿ ಹಾರುವುದನ್ನು ನೋಡಲು ಜನ ದುಡ್ಡು ಕೊಟ್ಟರು.

ನಿಯಮವಿಲ್ಲದಲ್ಲಿ ಮಿತಿಯೂ ಇರುವುದಿಲ್ಲ. ಕಾರ್ಬುರೇಟರಿನ ಜಾಗಕ್ಕೆ ಬಾನೆಟ್ಟಿನಿಂದ ಕೊಳಲುಗಳ ಸಾಲಿನಂತೆ ಮೇಲೆ ಚಾಚಿದ ಇಂಧನ ಇಂಜೆಕ್ಷನ್ ಕೊಳವೆಗಳು ಬಂದವು. ಪೆಟ್ರೋಲಿನ ಜಾಗಕ್ಕೆ ಮೊದಲು ಆಲ್ಕೋಹಾಲ್, ಆಮೇಲೆ ಇನ್ನೂ ಹೆಚ್ಚು ಬಲ ಕೊಡುವ ನೈಟ್ರೊಮೀಥೇನ್ ಎಂಬ ರಾಸಾಯನಿಕ ಇಂಧನ ಬಂದಿತು. ವರ್ಷದ ಆರಂಭದಲ್ಲಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಕಾಲು ಮೈಲಿ ಮುಗಿಸುತ್ತಿದ್ದ ಮುಂಚೂಣಿಯ ಕಾರುಗಳು ವರ್ಷ ಮುಗಿಯುವ ಹೊತ್ತಿಗೆ ಒಂಬತ್ತರ ಕೆಳಗಿಳಿದವು. ರಾನಿ ಸಾಕ್ಸ್, ಡಿಕ್ ಲ್ಯಾಂಡಿ, ಕ್ರೈಸ್ಲರ್ ಎಂಜಿನಿಯರರೇ ಸೇರಿ ಕಟ್ಟಿದ್ದ ರ‍್ಯಾಮ್‌ಚಾರ್ಜರ್ಸ್ ತಂಡ, ಇವರೆಲ್ಲರ ಹೆಸರು ಪ್ರಶಸ್ತಿ ಪಟ್ಟಿಗಿಂತ ಜಾಹೀರಾತಿನ ಭಿತ್ತಿಪತ್ರಗಳಲ್ಲಿ ದೊಡ್ಡದಾಯಿತು. 1965ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಯಾರ್ಕ್ ಬಳಿಯ ಟ್ರ್ಯಾಕಿನಲ್ಲಿ ಇಂಥ ಕಾರುಗಳನ್ನೆಲ್ಲ ಒಂದೆಡೆ ಸೇರಿಸಿದ ಕೂಟಕ್ಕೆ ಬಂದ ಜನಜಂಗುಳಿಯನ್ನು ಟ್ರ್ಯಾಕಿನ ಅಂಗಳ ಹಿಡಿಸಲಿಲ್ಲ. ವಿಚಿತ್ರವಾಗಿ ಕಾಣುತ್ತಿದ್ದ ಕಾರುಗಳಿಗೆ ಫನ್ನಿ ಕಾರ್ ಎಂಬ ಹೆಸರೂ ಈ ಓಟಗಳಲ್ಲೇ ಅಂಟಿಕೊಂಡಿತು. ಗೇಲಿಯ ಹೆಸರು ಅಧಿಕೃತ ಹೆಸರಾಗಲು ಮೂರು ನಾಲ್ಕು ವರ್ಷ ಸಾಕಾದವು.

ಈ ಬೆಳವಣಿಗೆಯ ಇನ್ನೊಂದು ಮುಖವನ್ನು ಮರೆಮಾಚಿ ಬರೆಯುವುದು ಅಪ್ರಾಮಾಣಿಕವಾದೀತು. ಸ್ಟಾಕ್ ಕಾರು ರೇಸಿನ ಸಂಸ್ಥೆಯಾದ ನ್ಯಾಸ್ಕಾರ್ 1965ಕ್ಕೆ ಹೆಮಿ ಎಂಜಿನ್ನನ್ನು ನಿಷೇಧಿಸಿದ್ದರಿಂದ ಕ್ರೈಸ್ಲರ್ ಅಲ್ಲಿಂದ ಹೊರನಡೆದು, ಅದರ ಪ್ರಸಿದ್ಧ ಚಾಲಕ ರಿಚರ್ಡ್ ಪೆಟ್ಟಿ ಹೆಮಿ ಕೂರಿಸಿದ ಸಣ್ಣ ಬಾರಾಕುಡಾ ಕಾರಿನೊಂದಿಗೆ ಡ್ರ್ಯಾಗ್ ಓಟಗಳಿಗೆ ಬಂದಿದ್ದರು. ಆ ಕಾರು ಮೇಲೆ ಹೇಳಿದ ಡಜನ್ ಕಾರುಗಳಲ್ಲಿ ಸೇರಿದ್ದಲ್ಲ, ಆದರೆ ಅದು ಓಡುತ್ತಿದ್ದುದು ಅದೇ ಮ್ಯಾಚ್ ರೇಸುಗಳ ಲೋಕದಲ್ಲಿ. 1965ರ ಫೆಬ್ರುವರಿ 28ರಂದು ಜಾರ್ಜಿಯಾ ರಾಜ್ಯದ ಡಲ್ಲಾಸ್ ಎಂಬ ಊರಿನ ಟ್ರ್ಯಾಕಿನಲ್ಲಿ ಅದು ಹಿಡಿತ ತಪ್ಪಿ ಜನರಿದ್ದ ಕಡೆಗೆ ನುಗ್ಗಿ ಎಂಟು ವರ್ಷದ ಬಾಲಕನೊಬ್ಬ ಸತ್ತ. ಕಾರ್ಖಾನೆಯ ಬಾಡಿ, ಬಹಳ ಹೆಚ್ಚಿದ ಬಲ, ಊರೂರಿನ ಟ್ರ್ಯಾಕುಗಳ ತಗ್ಗು ಬೇಲಿ: ಇವು ಮೂರೂ ಸೇರಿದಾಗ ತಪಾಸಣೆಯ ಅಗತ್ಯ ವಿಭಾಗದೊಳಗಿನ ಓಟಗಳಿಗಿಂತ ಈ ಹೊರಗಿನ ಓಟಗಳಿಗೇ ಹೆಚ್ಚು ಇತ್ತು. ಎನ್‌ಎಚ್‌ಆರ್‌ಎ ಹುಟ್ಟಿದ್ದೇ ನಿಯಮವಿಲ್ಲದ ಓಟವನ್ನು ಬೇಲಿಯೊಳಗೆ ತರಲಿಕ್ಕೆ. 1965ರಲ್ಲಿ ಅದು ತನ್ನ ಪುಸ್ತಕವನ್ನು ಶುದ್ಧವಾಗಿ ಉಳಿಸಿಕೊಂಡಿತು, ಓಟವನ್ನು ಮಾತ್ರ ಬೇಲಿಯ ಹೊರಗೆ ಬಿಟ್ಟಿತು. ನನ್ನ ಆಕ್ಷೇಪ ಇರುವುದು ಇಲ್ಲಿ.

ಈ ಸಂಸ್ಥೆಗೆ ಇಂಥ ಅನುಭವ ಹೊಸದೂ ಆಗಿರಲಿಲ್ಲ. 1957ರಲ್ಲಿ ಅದು ನೈಟ್ರೊಮೀಥೇನ್ ಇಂಧನವನ್ನು ತನ್ನ ಕೂಟಗಳಿಂದ ನಿಷೇಧಿಸಿತ್ತು. ಡ್ರ್ಯಾಗ್‌ಸ್ಟರುಗಳು ಆ ಇಂಧನ ಬಿಡಲಿಲ್ಲ, ಎನ್‌ಎಚ್‌ಆರ್‌ಎ ಕೂಟಗಳನ್ನು ಬಿಟ್ಟವು. ಬೇರೆ ಟ್ರ್ಯಾಕುಗಳಲ್ಲಿ ಓಡಿ ಹೆಸರೂ ಹಣವೂ ಗಳಿಸಿದವು. 1963ರಲ್ಲಿ ನಿಷೇಧ ಸಡಿಲಗೊಂಡು 1964ರ ನ್ಯಾಷನಲ್ಸ್ ಹೊತ್ತಿಗೆ ನೈಟ್ರೊ ಇಂಧನದ ಕಾರುಗಳು ಪೂರ್ಣವಾಗಿ ಮರಳಿದ್ದವು. ಆ ಪಾಠ ಕಲಿತು ಒಂದು ವರ್ಷವೂ ತುಂಬಿರಲಿಲ್ಲ.

ಅಳತೆ ಸಿಕ್ಕಿದ ಪ್ರದರ್ಶನ, ಸಿಗದ ಪ್ರದರ್ಶನ

ಇಲ್ಲಿ ಒಂದು ಹೋಲಿಕೆ ಕರಾವಳಿಯ ಓದುಗರಿಗೆ ತಾನಾಗಿಯೇ ನೆನಪಾಗಬಹುದು. ಕಂಬಳದಲ್ಲಿ ಹಗ್ಗ, ನೇಗಿಲು ವಿಭಾಗಗಳ ಕೋಣಗಳು ವೇಗಕ್ಕೆ ಓಡುತ್ತವೆ. ಕನೆಹಲಗೆಯಲ್ಲಿ ಮಾತ್ರ ಮೊದಲು ಮುಟ್ಟುವುದು ಮುಖ್ಯವಲ್ಲ, ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಅದು ಕಣ್ಣಿಗೆ ಹಬ್ಬವಾದ ಪ್ರದರ್ಶನವೇ, ಆದರೆ ನಿಶಾನೆ ಇರುವುದರಿಂದ ಅದು ಸ್ಪರ್ಧೆಯೂ ಹೌದು. ಪ್ರದರ್ಶನಕ್ಕೂ ವಿಭಾಗಕ್ಕೂ ನಡುವಿನ ಗೆರೆ ರೋಚಕತೆಯಲ್ಲಿಲ್ಲ, ಅಳತೆಯಲ್ಲಿದೆ.

ಅಮೆರಿಕದ ಅದೇ ವರ್ಷಗಳಲ್ಲಿ ಅಳತೆ ಸಿಗದೆ ಉಳಿದ ಕಾರುಗಳೂ ಇದ್ದವು. ಡಾಡ್ಜ್ ಕಂಪನಿಯ ಪುಟ್ಟ ಎ100 ಪಿಕಪ್ ವಾಹನದಲ್ಲಿ ಹೆಮಿ ಎಂಜಿನ್ನನ್ನು ಸೀಟಿನ ಹಿಂದೆ ಕೂರಿಸಿ ಮಾಡಿದ ಲಿಟಲ್ ರೆಡ್ ವ್ಯಾಗನ್ ಮೊದಲು ಸ್ಪರ್ಧೆಯ ವಾಹನವೇ ಆಗಬೇಕಿತ್ತು. ಹಿಂಭಾರ ಎಷ್ಟಾಯಿತೆಂದರೆ ಹೊರಟ ಕೂಡಲೇ ಅದು ಮುಂಗಾಲೆತ್ತಿದ ಕುದುರೆಯಂತೆ ನಿಂತು, ಹಿಂದಿನ ಎರಡು ಚಕ್ರಗಳ ಮೇಲೆಯೇ ಟ್ರ್ಯಾಕಿನ ಉದ್ದಕ್ಕೂ ಓಡುತ್ತಿತ್ತು. ಹರ್ಸ್ಟ್ ಕಂಪನಿಯ ಹೆಮಿ ಅಂಡರ್ ಗ್ಲಾಸ್ ಕೂಡ ಇದೇ ದಾರಿ ಹಿಡಿಯಿತು. ಇವನ್ನು ನೋಡಲು ಜನ ಮುಗಿಬಿದ್ದರು. ಬಿಲ್ ಗೋಲ್ಡನ್ ಲಿಟಲ್ ರೆಡ್ ವ್ಯಾಗನ್ನನ್ನು ದಶಕಗಳ ಕಾಲ ಓಡಿಸಿದರು. ಆದರೂ ಅವುಗಳಿಗೆ ವಿಭಾಗ ಬೇಕೆಂದು ಯಾರೂ ಗಂಭೀರವಾಗಿ ಕೇಳಲಿಲ್ಲ. ಮುಂದಿನ ಚಕ್ರ ಎತ್ತಿ ಓಡುವುದರಲ್ಲಿ ಇಬ್ಬರನ್ನು ಎದುರುಬದುರು ನಿಲ್ಲಿಸಿ ಗೆದ್ದವನನ್ನು ಹೇಳುವ ಬಗೆ ಹೇಗೆ? ಫನ್ನಿ ಕಾರಿನ ಕತೆ ಹಾಗಲ್ಲ. ಅದು ಸಮಯದ ವಿರುದ್ಧ, ಎದುರಾಳಿಯ ವಿರುದ್ಧ ಓಡುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಅದರ ಸ್ವಭಾವಕ್ಕೆ ಹೊಂದುವ ಒಂದು ನಿಯಮಪುಟ ಮಾತ್ರ. ಪ್ರದರ್ಶನ ಎಂಬ ಒಂದೇ ಚೀಲಕ್ಕೆ ಎರಡನ್ನೂ ತುಂಬಿದ್ದರಿಂದಲೇ ನಾಲ್ಕು ವರ್ಷ ಗೊಂದಲ ಉಳಿಯಿತು.

1966ರಲ್ಲಿ ಈ ಗೊಂದಲ ಇನ್ನೊಂದು ಹಂತಕ್ಕೆ ಏರಿತು. ಫೋರ್ಡ್ ಕಂಪನಿಯ ಮರ್ಕ್ಯುರಿ ಶಾಖೆಯ ಬೆಂಬಲದಿಂದ ಮಿಷಿಗನ್‌ನ ಲಾಗಿ ಸೋದರರ ಕಾರ್ಯಾಗಾರದಲ್ಲಿ ತಯಾರಾದ ಕಾಮೆಟ್ ಕಾರುಗಳಲ್ಲಿ ಕಾರ್ಖಾನೆಯ ಕಾರು ಎನ್ನಬಹುದಾದದ್ದು ಏನೂ ಉಳಿದಿರಲಿಲ್ಲ. ಕೊಳವೆಗಳನ್ನು ಬೆಸೆದ ಚಾಸಿ, ಅದರ ಮೇಲೆ ಒಂದೇ ಅಚ್ಚಿನ ಫೈಬರ್‌ಗ್ಲಾಸ್ ಚಿಪ್ಪು. ಚಿಪ್ಪಿನ ಹಿಂತುದಿಗೆ ಬಿಜಾಗರಿ. ಮೊಸಳೆ ಬಾಯಿ ತೆರೆದಂತೆ ಬಾಡಿಯನ್ನು ಮುಂದಿನಿಂದ ಎತ್ತಿ ಚಾಲಕ ಒಳಗೆ ಕೂರುತ್ತಿದ್ದ. ಡಾನ್ ನಿಕಲ್ಸನ್ ಇಂಥ ಎಲಿಮಿನೇಟರ್ 1 ಕಾರಿನೊಂದಿಗೆ ಬಂದ ದಿನ ಹಿಂದಿನ ವರ್ಷದ, ಚಕ್ರ ಸರಿಸಿದ ಉಕ್ಕಿನ ಕಾರುಗಳೆಲ್ಲ ಹಳೆಯವಾದವು. 1965ರ ವಾದ ಹದಿನೈದು ಇಂಚಿನದಾಗಿತ್ತು. ಈಗ ಅಳೆಯಲು ಇಂಚುಗಳೇ ಇರಲಿಲ್ಲ. ಎನ್‌ಎಚ್‌ಆರ್‌ಎ ಎಕ್ಸ್‌ಪೆರಿಮೆಂಟಲ್ ಸ್ಟಾಕ್ ಎಂಬ ಹೆಸರಿನಡಿ ಕೆಲವನ್ನು, ನೈಟ್ರೊ ಇಂಧನದ ಡ್ರ್ಯಾಗ್‌ಸ್ಟರುಗಳ ಕೆಳ ವಿಭಾಗಗಳಲ್ಲಿ ಕೆಲವನ್ನು ಸೇರಿಸಿ ಕಾಲ ತಳ್ಳಿತು. ಕೂರಲು ಕುರ್ಚಿ ಕೊಟ್ಟಂತಾಯಿತು, ಆದರೆ ಪಂಕ್ತಿಯ ಕೊನೆಯಲ್ಲಿ.

ಬೆಲೆ ತೆತ್ತವರು

ಹೊಸದಕ್ಕೂ ಹಳೆಯದಕ್ಕೂ ನಡುವಿನ ಜಗಳವೆಂದರೆ ಎರಡೇ ಪಕ್ಷಗಳೆಂದು ನಾವು ಭಾವಿಸುತ್ತೇವೆ. ಈ ಪ್ರಕರಣದಲ್ಲಿ ಹೆಚ್ಚು ಕಳೆದುಕೊಂಡವರು ಜಗಳದಲ್ಲಿ ಇರಲೇ ಇಲ್ಲ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿದ, ಪೆಟ್ರೋಲಿನಲ್ಲಿ ಓಡುವ, ಬಹುತೇಕ 1933ರಿಂದ 1941ರವರೆಗಿನ ವಿಲ್ಲೀಸ್ ಕಾರುಗಳ ಬಾಡಿಯ ಗ್ಯಾಸರುಗಳು 1960ರ ದಶಕದ ಮೊದಲಾರ್ಧದಲ್ಲಿ ಪ್ರೇಕ್ಷಕರ ಅಚ್ಚುಮೆಚ್ಚಾಗಿದ್ದವು. ಸ್ಟೋನ್-ವುಡ್ಸ್-ಕುಕ್ ತಂಡ, ಬಿಗ್ ಜಾನ್ ಮಜ್ಮೇನಿಯನ್, ಓಹಿಯೊ ಜಾರ್ಜ್ ಮಾಂಟ್ಗಮರಿ ಇವರ ನಡುವಿನ ಹಗೆತನದ ಜಾಹೀರಾತುಗಳನ್ನು ಓದಲೆಂದೇ ಜನ ಪತ್ರಿಕೆ ಕೊಳ್ಳುತ್ತಿದ್ದರು. ಮ್ಯಾಚ್ ರೇಸಿನ ಹಣ ಗ್ಯಾಸರುಗಳದೂ ಆಗಿತ್ತು. ಅದೇ ಹಣ, ಅದೇ ಭಾನುವಾರ, ಅದೇ ಟ್ರ್ಯಾಕು. ಅದಕ್ಕಿಂತ ವೇಗದ, ಅದಕ್ಕಿಂತ ಹೊಸ ಮುಖದ ಫನ್ನಿ ಕಾರು ಬಂದಾಗ ಮಾಲೀಕ ಎರಡನ್ನೂ ಕರೆಸಲಿಲ್ಲ. 1967ರ ಹೊತ್ತಿಗೆ ಮಾಂಟ್ಗಮರಿ ವಿಲ್ಲೀಸ್ ಬಿಟ್ಟು ಮಸ್ಟಾಂಗ್ ಬಾಡಿಗೆ ಬದಲಾದರು. ಸ್ಟೋನ್-ವುಡ್ಸ್-ಕುಕ್ ಕೂಡ ಮಸ್ಟಾಂಗಿಗೆ ಹೋದರು. ಮಜ್ಮೇನಿಯನ್ ಕೊನೆಗೆ ಬಾರಾಕುಡಾ ಫನ್ನಿ ಕಾರೇ ಮಾಡಿಸಿಕೊಂಡರು. ಯಾವ ಸಂಸ್ಥೆಯೂ ಗ್ಯಾಸರನ್ನು ನಿಷೇಧಿಸಿರಲಿಲ್ಲ. ಅದನ್ನು ಕರೆಯುವವರಿಲ್ಲವಾಯಿತು, ಅಷ್ಟೇ.

ಸೂಪರ್ ಸ್ಟಾಕ್ ಮತ್ತು ಸ್ಟಾಕ್ ವಿಭಾಗಗಳ ಸಾಮಾನ್ಯ ಸ್ಪರ್ಧಿಗೆ ಬಂದ ನಷ್ಟ ಬೇರೆ ಬಗೆಯದು. ತನ್ನ ವಿಭಾಗದ ದೊಡ್ಡ ಹೆಸರುಗಳೆಲ್ಲ ಹೊರಗಿನ ಓಟಗಳಿಗೆ ಹೋದ ಮೇಲೆ ಅವನಿಗೆ ಗೆಲ್ಲುವ ಅವಕಾಶ ಹೆಚ್ಚಿತು, ನೋಡುವವರ ಸಂಖ್ಯೆ ಇಳಿಯಿತು. ಕಾರ್ಖಾನೆಯ ಹಣವೂ ಹೆಸರುಗಳನ್ನು ಹಿಂಬಾಲಿಸಿತು. ಈ ಸ್ಥಿತಿ ಬಹುಕಾಲ ಉಳಿಯಲಿಲ್ಲವೆಂಬುದು ಬೇರೆ ಮಾತು. 1967ರಲ್ಲಿ ಎನ್‌ಎಚ್‌ಆರ್‌ಎ ಸೂಪರ್ ಸ್ಟಾಕನ್ನು ಹೊಸದಾಗಿ ಕಟ್ಟಿದಾಗ ಸಾಕ್ಸ್, ಲ್ಯಾಂಡಿ ಅವರಂಥವರು ಅಲ್ಲಿಗೆ ಮರಳಿದರು. ನೈಟ್ರೊ ತುಂಬಿದ ಎಂಜಿನ್ನಿನ ಹಿಂದೆ, ಫೈಬರ್‌ಗ್ಲಾಸ್ ಚಿಪ್ಪಿನೊಳಗೆ ಕೂತು ಓಡುವಾಗ ಬೆಂಕಿ ಹತ್ತಿದರೆ ಏನಾಗುತ್ತದೆಂಬುದನ್ನು ಅಷ್ಟರಲ್ಲಿ ಎಲ್ಲರೂ ಕಂಡಿದ್ದರು. ಫನ್ನಿ ಕಾರಿಗೆ ಆಕಾರ ಕೊಟ್ಟ ನಿಕಲ್ಸನ್ ಅವರೇ ಆ ಕಾರುಗಳನ್ನು ತೊರೆದು ಸ್ಟಾಕ್ ಬಗೆಯ ಓಟಕ್ಕೆ ಹಿಂದಿರುಗಿದ್ದು ಈ ಪ್ರಕರಣದ ಅತ್ಯಂತ ಅರ್ಥವತ್ತಾದ ಘಟನೆಗಳಲ್ಲಿ ಒಂದು.

ಬಾಗಿಲು ತೆರೆದದ್ದು

1969ರ ವಿಂಟರ್‌ನ್ಯಾಷನಲ್ಸ್‌ನಲ್ಲಿ ಫನ್ನಿ ಕಾರ್ ಮೊದಲ ಬಾರಿಗೆ ಸ್ವಂತ ಪ್ರಶಸ್ತಿಯುಳ್ಳ ವಿಭಾಗವಾಯಿತು. ಅಷ್ಟರಲ್ಲಿ ಕಾರುಗಳು ಎಂಟು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ, ಗಂಟೆಗೆ 200 ಮೈಲಿಯ ಸಮೀಪದಲ್ಲಿ ಓಡುತ್ತಿದ್ದವು. ಸಂಸ್ಥೆಯ ಮನಸ್ಸು ಬದಲಾದುದಕ್ಕೆ ತತ್ವಕ್ಕಿಂತ ಗೇಟಿನ ಲೆಕ್ಕವೇ ಹೆಚ್ಚು ಕಾರಣವೆಂದು ನನಗನ್ನಿಸುತ್ತದೆ. ಊರೂರಿನ ಟ್ರ್ಯಾಕುಗಳಲ್ಲಿ ಜನ ಯಾವುದನ್ನು ನೋಡಲು ಬರುತ್ತಿದ್ದರೋ ಅದು ದೇಶದ ಅತಿದೊಡ್ಡ ಕೂಟಗಳಲ್ಲಿ ಅಂಚಿನಲ್ಲಿ ಇರುವುದನ್ನು ಇನ್ನು ಸಮರ್ಥಿಸಲಾಗುತ್ತಿರಲಿಲ್ಲ. ಆದರೆ ಪರಿಣಾಮ ಗೇಟಿನ ಲೆಕ್ಕಕ್ಕಷ್ಟೇ ಸೀಮಿತವಾಗಲಿಲ್ಲ. ಎಂಜಿನ್ ಗಾತ್ರ, ಚಾಸಿಯ ರಕ್ಷಾಪಂಜರ, ಚಾಲಕನ ಬೆಂಕಿ ನಿರೋಧಕ ಉಡುಪು ಎಲ್ಲಕ್ಕೂ ಲಿಖಿತ ನಿಯಮ ಬರಲು ದಾರಿಯಾಯಿತು. ಅದೇ ವರ್ಷದ ನ್ಯಾಷನಲ್ಸ್‌ನಲ್ಲಿ ಮಿಕ್ಕಿ ಥಾಮ್ಸನ್ ಅವರ ಮಸ್ಟಾಂಗ್ ಓಡಿಸಿದ ಡ್ಯಾನಿ ಆಂಗೈಸ್ ಗೆದ್ದರು. 1970ರಲ್ಲಿ ಡಾನ್ ಪ್ರುಡೋಮ್ ಮತ್ತು ಟಾಮ್ ಮ್ಯಾಕ್‌ಯೂಯೆನ್ ಆಟಿಕೆ ಕಂಪನಿ ಮಟೆಲ್‌ನ ಹಾಟ್ ವೀಲ್ಸ್ ಹೆಸರು ಹೊತ್ತ ಫನ್ನಿ ಕಾರುಗಳಲ್ಲಿ ಊರೂರು ಸುತ್ತಿದರು. ಇಬ್ಬರೂ ಅದಕ್ಕೂ ಮೊದಲು ಡ್ರ್ಯಾಗ್‌ಸ್ಟರುಗಳಲ್ಲಿ ಹೆಸರು ಮಾಡಿದವರು. ಪ್ರುಡೋಮ್ 1975ರಿಂದ 1978ರವರೆಗೆ ಸತತ ನಾಲ್ಕು ವರ್ಷ ಈ ವಿಭಾಗದ ಚಾಂಪಿಯನ್ ಆದರು.

ಸಾಂಪ್ರದಾಯಿಕ ಪಕ್ಷದ ಉತ್ತರವೂ ಇದರ ಬೆನ್ನಿಗೇ ಬಂದಿತು. ಸೂಪರ್ ಸ್ಟಾಕಿನ ದೊಡ್ಡ ಹೆಸರುಗಳು ಮುಂಗಡ ದೀಪವಿಲ್ಲದೆ ಸಮನಾಗಿ ಹೊರಡುವ ಮ್ಯಾಚ್ ರೇಸುಗಳನ್ನು ತಾವೂ ನಡೆಸಿ ನೋಡಿದ್ದರು. 1970ರಲ್ಲಿ ಎನ್‌ಎಚ್‌ಆರ್‌ಎ ಅದನ್ನು ಪ್ರೊ ಸ್ಟಾಕ್ ಎಂಬ ವಿಭಾಗವಾಗಿ ಒಪ್ಪಿಕೊಂಡಿತು. ಆ ವರ್ಷದ ವಿಂಟರ್‌ನ್ಯಾಷನಲ್ಸ್‌ನ ಮೊದಲ ಪ್ರೊ ಸ್ಟಾಕ್ ಫೈನಲಿನಲ್ಲಿ ಜೆಂಕಿನ್ಸ್ ಅವರ ಕಮಾರೊ ಸಾಕ್ಸ್ ಅವರನ್ನು ಸೋಲಿಸಿತು. ಐದು ವರ್ಷಗಳ ಹಿಂದೆ ಇಬ್ಬರಲ್ಲಿ ಒಬ್ಬರು ನಿಯಮದೊಳಗಿನ ಪ್ಲಿಮತ್ತಿನಲ್ಲಿ ಗೆದ್ದವರು, ಇನ್ನೊಬ್ಬರು ನಿಯಮದ ಹೊರಗಿನ ಪ್ಲಿಮತ್ತಿನಲ್ಲಿ ಹೆಸರಾದವರು. ಪ್ರದರ್ಶನದ ಓಟ ಹಳೆಯ ವಿಭಾಗಕ್ಕೆ ಕಲಿಸಿದ್ದು ಚಕ್ರ ಸರಿಸುವುದನ್ನಲ್ಲ, ಇಬ್ಬರನ್ನೂ ಒಟ್ಟಿಗೆ ಹೊರಡಿಸುವುದನ್ನು.

1969ರ ಆ ಮೊದಲ ಫನ್ನಿ ಕಾರ್ ಪ್ರಶಸ್ತಿಯ ಬಗ್ಗೆ ಒಂದು ವಿವರ ಉಳಿದಿದೆ. ಅದನ್ನು ಗೆದ್ದವರು ಕ್ಲೇರ್ ಸ್ಯಾಂಡರ್ಸ್. ಅವರು ಓಡಿಸಿದ ಷೆವ್ರೊಲೆಟ್ ಜಂಗಲ್ ಜಿಮ್ ಎಂದು ಪ್ರಸಿದ್ಧರಾಗಿದ್ದ ಜಿಮ್ ಲೀಬರ್‌ಮನ್ ಅವರ ತಂಡದ ಎರಡನೆಯ ಕಾರು. ಲೀಬರ್‌ಮನ್ ಫನ್ನಿ ಕಾರಿನ ಅತ್ಯಂತ ಜನಪ್ರಿಯ ಚಾಲಕರಲ್ಲಿ ಒಬ್ಬರು. ವಿಭಾಗ ಅಧಿಕೃತವಾದ ಮೇಲೂ ಅವರು ಅಂಕಪಟ್ಟಿಯ ಹಿಂದೆ ಬೀಳದೆ, ವಾರದ ದಿನಗಳಲ್ಲೂ ಸಣ್ಣ ಊರುಗಳ ಟ್ರ್ಯಾಕುಗಳಿಗೆ ಹೋಗಿ, ಒಪ್ಪಿದ ಹಣಕ್ಕೆ ಓಡುವುದನ್ನೇ ಮುಂದುವರಿಸಿದರು. 1977ರಲ್ಲಿ ಅಪಘಾತದಲ್ಲಿ ತೀರಿಕೊಳ್ಳುವವರೆಗೆ ಅವರು ಗೆದ್ದ ಎನ್‌ಎಚ್‌ಆರ್‌ಎ ರಾಷ್ಟ್ರೀಯ ಕೂಟ ಒಂದೇ ಒಂದು, 1975ರಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ನಡೆದ ಸಮ್ಮರ್‌ನ್ಯಾಷನಲ್ಸ್.